ಮುತ್ತಿಗೆಯಲ್ಲಿದ್ದ ಮ್ಯಾಡ್ರಿಡ್‌ನಲ್ಲಿ ಜನ ದಿನಾ ಹೇಗೆ ಬದುಕಿದರು?

ನಾಟಕದ ಹುಚ್ಚ, ಕಲಬುರಗಿ:
ನಾವು ಗೆಳೆಯರು ಸೇರಿ ಸ್ಪೇನಿನ ಅಂತರ್ಯುದ್ಧದ ಮೇಲೆ ಸಣ್ಣ ನಾಟಕ ಮಾಡುತ್ತಿದ್ದೇವೆ, ಪಂಡಿತ ರಂಗಮಂದಿರದಲ್ಲಿ ಆಡಬೇಕು ಅಂತ ಆಸೆ. 1936ರ ನವೆಂಬರಿನಲ್ಲಿ, ಗಣರಾಜ್ಯ ಸರ್ಕಾರದ ವಿರುದ್ಧ ಬಂಡೆದ್ದ ಜನರಲ್ ಫ್ರಾಂಕೋನ ಸೈನ್ಯ ರಾಜಧಾನಿ ಮ್ಯಾಡ್ರಿಡ್ ಅಂಚಿಗೆ ಬಂತು, ಊರು ಬಿದ್ದದ್ದು 1939ರ ಮಾರ್ಚ್ 28ಕ್ಕೆ. ನಮ್ಮ ಸ್ಕ್ರಿಪ್ಟ್ ತುಂಬ ಬರೀ ಬಾಂಬು, ಘೋಷಣೆ. ಅಷ್ಟು ದಿನ ಜನ ಏನು ತಿಂದರು, ಕೆಲಸಕ್ಕೆ ಹೇಗೆ ಹೋದರು?

ಶಹಾಬಾದಿ:
ಮೊದಲು ಪಾಳಿ ತೋರಿಸಿ ತಮ್ಮಾ, ಬ್ರೆಡ್ಡಿಗೆ ಪಾಳಿ, ಹಾಲಿಗೆ ಪಾಳಿ, ಕಲ್ಲಿದ್ದಲಿಗೆ ಪಾಳಿ. ಶೆಲ್ ಬಿದ್ದರೂ ಪಾಳಿ ಬಿಟ್ಟು ಹೋಗಲು ಹೆಂಗಸರು ಒಪ್ಪುತ್ತಿರಲಿಲ್ಲ. ಊಟ ಅಂದರೆ ಹೆಚ್ಚಾಗಿ ಮಸೂರ, ಅದನ್ನೇ ಪ್ರಧಾನಿ ನೆಗ್ರಿನ್ ವೈದ್ಯರಾಗಿದ್ದರು ಅಂತ 'ಡಾಕ್ಟರ್ ನೆಗ್ರಿನ್ ಮಾತ್ರೆ' ಅಂತ ಜನ ಆಡಿಕೊಳ್ಳುತ್ತಿದ್ದರು! ಯುದ್ಧ ನಡೆಯುತ್ತಿದ್ದದ್ದು ವಿಶ್ವವಿದ್ಯಾಲಯದ ಕಟ್ಟಡಗಳಲ್ಲಿ, ಕಾಸಾ ದೆ ಕಾಂಪೋ ಉದ್ಯಾನದಲ್ಲಿ. ಅಂದರೆ ಟ್ರಾಮ್ ಹತ್ತಿ ಹೋಗುವಷ್ಟು ಹತ್ತಿರ. ಗ್ರಾನ್ ವಿಯಾ ಬೀದಿಯ ಎತ್ತರದ ಟೆಲಿಫೋನ್ ಕಟ್ಟಡಕ್ಕೆ ಗುರಿಯಿಟ್ಟು ಹೊಡೆಯುತ್ತಿದ್ದರು, ಆದರೂ ಅದೇ ಬೀದಿಯಲ್ಲಿ ಸಿನಿಮಾ ನಡೆಯುತ್ತಿತ್ತು. ರಾತ್ರಿ ಮಲಗಲು ಮೆಟ್ರೋ ನಿಲ್ದಾಣ. ಪ್ಯಾಲೇಸ್ ಹೋಟೆಲ್ ಆಸ್ಪತ್ರೆಯಾಗಿತ್ತು. ಸಿಬೆಲೆಸ್ ಕಾರಂಜಿಯ ವಿಗ್ರಹಕ್ಕೆ ಮರಳು ಚೀಲ, ಇಟ್ಟಿಗೆ ಪೇರಿಸಿ ಮುಚ್ಚಿದ್ದರು.

ಬೀದರ್ ಓದುಗ:
ಪೂರ್ತಿ ಮುತ್ತಿಗೆ ಅನ್ನಬೇಡಿ. ವೇಲೆನ್ಸಿಯಾ ಕಡೆಯ ದಾರಿ ಉಳಿದಿತ್ತು, ಅದಕ್ಕಾಗಿಯೇ 1937ರ ಫೆಬ್ರವರಿಯಲ್ಲಿ ಹರಾಮಾ ಕಾಳಗ ನಡೆದದ್ದು. ಸರ್ಕಾರ ಮೊದಲೇ ಆ ದಾರಿಯಲ್ಲಿ ಜಾಗ ಖಾಲಿ ಮಾಡಿತ್ತು, ಊರನ್ನು ಜನರಲ್ ಮಿಯಾಹಾ ಕೈಗೆ ಬಿಟ್ಟು.
ಇನ್ನೊಂದು. ಒಳಗಿನವರೆಲ್ಲ ಒಳ್ಳೆಯವರು ಅಂತ ಬರೆದರೆ ನಾಟಕ ಸುಳ್ಳಾಗುತ್ತದೆ. 'ಐದನೇ ದಳ', ಅಂದರೆ ಫ್ರಾಂಕೋನ ಗುಪ್ತ ಬೆಂಬಲಿಗರು, ಊರೊಳಗೇ ಇದೆ ಅನ್ನುವ ಭಯಕ್ಕೆ ಗಣರಾಜ್ಯದ ಕಡೆಯವರು ಎಷ್ಟೋ ಮನೆಗಳ ಬಾಗಿಲು ರಾತ್ರಿ ತಟ್ಟಿದರು. ಆ ನವೆಂಬರಿನಲ್ಲೇ ಜೈಲಿನ ಕೈದಿಗಳನ್ನು ಊರಾಚೆಯ ಪಾರಾಕುವೆಲ್ಯೋಸ್‌ಗೆ ಒಯ್ದು ಗುಂಡಿಟ್ಟರು. ಇದನ್ನು ಬಿಟ್ಟು 'ನೊ ಪಾಸರಾನ್' (ಅವರು ಒಳಗೆ ಬರಲಾರರು) ಅಂತ ಕೂಗಿಸಿದರೆ ಸುಮ್ನೆ ಪೋಸ್ಟರ್ ಆಗುತ್ತದೆ, ಅಲ್ವಾ?

ಶಹಾಬಾದಿ:
ಒಪ್ಪಿದೆ. ಆದರೆ ಹೊರಗಿನಿಂದ ಬಾಂಬು ಹಾಕಿದವರನ್ನು ಇದಕ್ಕೆ ಸಮ ಮಾಡಿ ತೂಗಲು ಹೋಗಬೇಡಿ, ಊರಿನ ಮೇಲೆ ವಿಮಾನ ಕಳಿಸಿದ್ದು ಅವರೇ.

ನಾಟಕದ ಹುಚ್ಚ, ಕಲಬುರಗಿ:
ಇಬ್ಬರಿಗೂ ಥ್ಯಾಂಕ್ಸ್ ಅಣ್ಣಾ. ಪಾಳಿಯಲ್ಲೇ ಒಬ್ಬಳ ಗಂಡನನ್ನು ರಾತ್ರಿ ಒಯ್ದಿದ್ದಾರೆ, ಅವಳ ಹಿಂದೆ ನಿಂತವಳ ಮಗ ಮುಂಚೂಣಿಯಲ್ಲಿದ್ದಾನೆ, ಹೀಗೆ ಬರೆದರೆ ನಡೆಯುತ್ತದಾ?

ಬೀದರ್ ಓದುಗ:
ನಡೆಯುತ್ತದೆ. 1938ರಲ್ಲಿ ಫ್ರಾಂಕೋ ವಿಮಾನಗಳು, ನಮ್ಮ ಕಡೆ ಊಟಕ್ಕೆ ಕೊರತೆಯಿಲ್ಲ ಅಂತ ಪ್ರಚಾರ ಮಾಡಲು, ಊರಿನ ಮೇಲೆ ಬ್ರೆಡ್ ಉದುರಿಸಿದ್ದವು. ಆ ಇಬ್ಬರ ನಡುವೆ ಒಂದು ಬ್ರೆಡ್ ಬೀಳಿಸಿ, ಯಾರು ಎತ್ತಿಕೊಳ್ಳುತ್ತಾರೆ ಅಂತ ರಿಹರ್ಸಲ್‌ನಲ್ಲಿ ನೋಡಿ.