ಬಹಮನಿ ಗೋರಿಗಳು: ಕಲಬುರಗಿ ಮೊದಲಾ, ಬೀದರ್ ಮೊದಲಾ?

ಪ್ರಶ್ನೆ (ರಾಯಚೂರು):
ನಾಲ್ಕು ಮಂದಿ ಬೀದರಿನ ಅಷ್ಟೂರು ಗುಮ್ಮಟ ನೋಡಲಿಕ್ಕೆ ಹೊಂಟೀವಿ. ಕೈಯಾಗ ಎರಡು ದಿನ ಅದಾವ. ಕಲಬುರಗಿಯ ಹಫ್ತ್ ಗುಂಬಜ್‌ಗೂ ಇಳೀಬೇಕಾ, ಇಲ್ಲಾ ಎರಡೂ ಒಂದೇ ಥರ ಅಂತ ಬಿಡಬಹುದಾ? ಅಷ್ಟೂರಿನ ಒಳಗಿನ ಚಿತ್ತಾರ ಮೊಬೈಲಿನಾಗ ಸರಿಯಾಗಿ ಬರ್ತದೇನ್ರಿ?

ಉತ್ತರ (ಲಿಂಗಸುಗೂರು):
ಬಿಡಬ್ಯಾಡ್ರಿ, ಕಲಬುರಗೀನೇ ಮೊದಲು ನೋಡ್ರಿ. ವಾಡಿ ಮೇಲೆ ಹೋಗೋ ರೈಲಿಗೆ ಅದು ದಾರಿಯಾಗೇ ಸಿಗ್ತದ. ಅಲ್ಲಿಂದ ಹುಮನಾಬಾದ್ ಮೇಲೆ ಬೀದರಿಗೆ 2017ರಿಂದ ರೈಲು ಹಳಿ ಅದ. ವೇಳೆ ಹೊಂದದಿದ್ರ ಬಸ್ಸು ಹಿಡೀರಿ, ರಾತ್ರಿ ಬೀದರಿನಾಗ ಉಳೀರಿ.

ಹಫ್ತ್ ಗುಂಬಜಿನಾಗ ಫಿರೋಜ್ ಶಾಹನ ಗೋರಿ (ತೀರಿದ್ದು 1422) ಎಲ್ಲಕ್ಕಿಂತ ದೊಡ್ಡದು: ಎರಡು ಕೋಣೆ, ಎರಡು ಗುಮ್ಮಟ. ಅದಕ್ಕೂ ಮೊದಲು ಹಳೇ ಗೋರಿಗಳ ಗೋಡೆ ನೋಡ್ರಿ. ಮೇಲಕ್ಕ ಹೋದಂಗ ಒಳಕ್ಕ ವಾಲ್ತಾವ, ಗುಮ್ಮಟ ತಗ್ಗು. ಅದು ದಿಲ್ಲಿಯ ತುಘಲಕರ ರೂಢಿ. ಅಷ್ಟೂರಿನಾಗ ಮಲಗಿರೋ ಅಹ್ಮದ್ ಶಾಹ ವಲಿ (1436) ಇದೇ ಫಿರೋಜನ ತಮ್ಮ, ರಾಜಧಾನಿ ಬೀದರಿಗೆ ಒಯ್ದಾತ. ಅಲ್ಲಿ ಗುಮ್ಮಟ ಎತ್ತರಕ್ಕ ಎದ್ದು ಮುಕ್ಕಾಲು ಚೆಂಡಿನಂಗ ಉಬ್ಬಿರ್ತದ. ಬೀದರ್ ಮೊದಲು ನೋಡಿದ್ರ ಕಲಬುರಗಿ ಸಪ್ಪೆ ಅನಸ್ತದ, ಫರಕೂ ತಿಳಿಯಂಗಿಲ್ಲ.

ಉತ್ತರ (ಗಂಗಾವತಿ):
ಚಿತ್ತಾರದ ಮಾತು. ಅಹ್ಮದ್ ಶಾಹನ ಗೋರಿಯೊಳಗ ಕತ್ತಲ. ಬಿಸಿಲಿನಿಂದ ಕಾಲಿಟ್ಟ ಕೂಡ್ಲೇ ಏನೂ ಕಾಣಂಗಿಲ್ಲ. ಹತ್ತು ನಿಮಿಷ ಸುಮ್ಮನ ನಿಂತ್ರ ಕೆಂಪು ನೆಲದ ಮ್ಯಾಲಿನ ಬಂಗಾರದ ಬರಹ ಒಂದೊಂದಾಗಿ ಮೂಡ್ತದ. ಫ್ಲ್ಯಾಶ್ ಬ್ಯಾಡ: ಬಣ್ಣಕ್ಕ ಕೇಡು, ಮ್ಯಾಲ ಒಳಗುಮ್ಮಟಕ್ಕ ಅದರ ಬೆಳಕು ಮುಟ್ಟೂದೂ ಇಲ್ಲ. ಮೊಬೈಲ್ ಪರದೆ ಕೆಳಗ ಮಾಡಿ ನೆಲಕ್ಕ ಮಲಗಿಸ್ರಿ, ನೈಟ್ ಮೋಡ್, ಮೂರು ಸೆಕೆಂಡ್ ಟೈಮರ್. ಕೈಯಾಗ ಹಿಡಿದ್ರ ಅಲುಗಿ ಮಸುಕಾಗ್ತದ. ಅದು ಜನ ನಡಕೊಳ್ಳೋ ಜಾಗ, ಹಿಂದೂ ಭಕ್ತರೂ ಬರ್ತಾರ. ಚಪ್ಪಲಿ ಹೊರಗ ಬಿಟ್ಟು, ಗೋರಿಗೆ ನಮಸ್ಕಾರ ಮಾಡೋರಿಗೆ ಅಡ್ಡ ಆಗದಂಗ ತೆಗೀರಿ.

ಅಷ್ಟೂರಿನಾಗೇ ಇರೋ ಬಹಮನಿ ಸುಲ್ತಾನ ಹುಮಾಯೂನನ (ಮೊಗಲರ ಹುಮಾಯೂನ್ ಅಲ್ಲ) ಗೋರಿ ಸಿಡಿಲು ಬಡಿದು ಅರ್ಧ ಬಿದ್ದದ. ಬೇಸರ ಮಾಡ್ಕೋಬ್ಯಾಡ್ರಿ, ಗುಮ್ಮಟದ ದಪ್ಪ ಎಷ್ಟಂತ ಹೊರಗ ನಿಂತೇ ಕಾಣೋದು ಅಲ್ಲೇ.

ಉತ್ತರ (ಮಾನ್ವಿ):
ಚೌಖಂಡಿ ಮರೀಬ್ಯಾಡ್ರಿ. ಬೀದರಿನಿಂದ ಅಷ್ಟೂರಿಗೆ ಹೋಗೋ ದಾರಿಯಾಗೇ, ದಿಬ್ಬದ ಮ್ಯಾಲ ಸೂಫಿ ಸಂತ ಹಜರತ್ ಖಲೀಲುಲ್ಲಾರ ಎಂಟು ಮೂಲೆಯ ಗೋರಿ. ಬಾಗಿಲ ಮ್ಯಾಲಿನ ಕಲ್ಲಿನ ಬರಹಕ್ಕೇ ಅರ್ಧ ತಾಸು ಬೇಕು. ಆಟೋದವನ ಹತ್ತಿರ ಹೋಗಿಬರೋದು, ಕಾಯೋದು, ಚೌಖಂಡಿ ನಿಲುಗಡೆ ಎಲ್ಲಾ ಸೇರಿಸಿ ಮೊದಲೇ ಮಾತಾಡ್ರಿ. ನೀರು ಊರಾಗೇ ತುಂಬಿಸ್ಕೋರಿ.

ಸಂಜೆ ವೇಳೆ ಉಳಿದ್ರ ಬೀದರ್ ಊರಿನ ಪಶ್ಚಿಮಕ್ಕ ಅಲಿ ಬರೀದನ (ಬಹಮನಿಗಳ ನಂತರ ಬೀದರ್ ಆಳಿದ ಬರೀದ್ ಶಾಹಿ ಸುಲ್ತಾನ) ಗೋರಿ. ನಾಲ್ಕೂ ಕಡೆ ತೆರೆದ ಕಮಾನು, ಅಲ್ಲಿ ನೈಟ್ ಮೋಡ್ ಬೇಕಿಲ್ಲ.