ಅಟ್ಲಾಸ್ ಪತಂಗದ ಗೂಡು ತಿಂಗಳುಗಳಾದರೂ ಒಡೆದಿಲ್ಲ, ಸೀಳಬಹುದಾ?

ಪ್ರಶ್ನೆ: ಪಶ್ಚಿಮಘಟ್ಟದ ತಪ್ಪಲಲ್ಲಿ, ದಾಲ್ಚಿನ್ನಿ ಗಿಡದಿಂದ ಬಿದ್ದಿದ್ದ ದೊಡ್ಡ ಕಂದು ಗೂಡು ಸಿಕ್ಕಿತು. ಎಲೆ ಮಡಚಿ ಸುತ್ತಿಕೊಂಡಿದೆ. ಮಳೆಗಾಲ ಮುಗಿದ ಮೇಲೆ ತಂದಿದ್ದು, ಈಗ ಬೇಸಿಗೆ. ಗಾಜಿನ ಜಾಡಿಯಲ್ಲಿದೆ. ಪತಂಗ ಒಳಗೇ ಸಿಕ್ಕಿಹಾಕಿಕೊಂಡಿದೆಯಾ? ಬ್ಲೇಡಿನಿಂದ ಸೀಳಲಾ?

ಉತ್ತರ: ದಯವಿಟ್ಟು ಬ್ಲೇಡ್ ಹಾಕಬೇಡಿ. ಗೂಡಿನ ಮೇಲ್ತುದಿ ನೋಡಿ. ಅಲ್ಲಿ ನೂಲುಗಳು ಅಂಟಿಕೊಂಡಿರುವುದಿಲ್ಲ, ಸುಮ್ನೆ ಒತ್ತೊತ್ತಾಗಿ ಸೇರಿರುತ್ತವೆ. ಹುಳವೇ ಬಿಟ್ಟುಕೊಂಡ ಬಾಗಿಲು ಅದು. ಪತಂಗ ಅಲ್ಲಿಂದಲೇ ತಳ್ಳಿಕೊಂಡು ಬರುತ್ತದೆ.

ನಿಮ್ಮ ಕಡೆಯದು ಹೆಚ್ಚಾಗಿ ಅಟ್ಟಾಕಸ್ ಟ್ಯಾಪ್ರೊಬಾನಿಸ್ ಇರಬೇಕು. ದಕ್ಷಿಣ ಭಾರತ, ಶ್ರೀಲಂಕಾದಲ್ಲಿರುವ ಜಾತಿ. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಹೆಸರಿಟ್ಟ ಅಟ್ಲಾಸ್‌ನ ಹತ್ತಿರದ ನೆಂಟ. ಹವೆ ಒಣಗಿದ್ದರೆ ಇವು ಗೂಡಿನೊಳಗೇ ತಿಂಗಳುಗಟ್ಟಲೆ ತಡೆದು ಕೂರುತ್ತವೆ. ತೇವ ಬಂದಾಗ ಹೊರಡುತ್ತವೆ. ಹಾಗಾಗಿ ತಡವಾಗಿದ್ದಕ್ಕೆ ಗಾಬರಿ ಬೇಡ.

ಗೂಡನ್ನು ಅಂಗೈಲಿಟ್ಟು ನೋಡಿ. ತೂಕವಿದ್ದರೆ ಬಹುತೇಕ ಜೀವ ಇದೆ. ಹಗುರವಾಗಿ, ಒಣ ಕಾಯಿಯ ಬೀಜದ ಹಾಗೆ ಗಲಗಲ ಅಂದರೆ ಸತ್ತಿರಬಹುದು. ಪಕ್ಕದಲ್ಲಿ ಸಣ್ಣ ತೂತು ಇದೆಯಾ? ಇದ್ದರೆ ಪರಾವಲಂಬಿ ನೊಣ ಅಥವಾ ಕಣಜ ತಿಂದು ಹೊರಗೆ ಹೋಗಿದೆ. ರೇಷ್ಮೆ ಸಾಕುವವರಿಗೆ ಊಜಿ ನೊಣ ಗೊತ್ತಲ್ಲ, ಕಾಡಿನ ಹುಳಗಳಿಗೂ ಅಂಥ ಶತ್ರುಗಳಿವೆ.

ನಿಜವಾದ ಅಪಾಯ ಆ ಜಾಡಿ. ಹೊರಬಂದ ಪತಂಗದ ರೆಕ್ಕೆ ಮುದುಡಿ ಒದ್ದೆಯಾಗಿರುತ್ತದೆ. ಅದು ಹತ್ತಿ ನೇತಾಡಬೇಕು, ಆಗ ಮೈಯ ದ್ರವ ರೆಕ್ಕೆಯ ನಾಳಗಳಿಗೆ ಒತ್ತಿ ಹರಿದು ರೆಕ್ಕೆ ಬಿಚ್ಚಿಕೊಳ್ಳುತ್ತದೆ. ನುಣುಪು ಗಾಜಿನಲ್ಲಿ ಜಾರಿ ಬಿದ್ದರೆ ರೆಕ್ಕೆ ಹಾಗೇ ಸುರುಟಿ ಗಟ್ಟಿಯಾಗುತ್ತದೆ, ಆಮೇಲೆ ಸರಿಮಾಡಲು ಆಗುವುದೇ ಇಲ್ಲ. ಅಗಲವಾದ ಬಲೆಯ ಪಂಜರಕ್ಕೆ ಬದಲಾಯಿಸಿ, ಗೂಡನ್ನು ದಾರದಲ್ಲಿ ತೂಗುಹಾಕಿ. ಆಗಾಗ ಹನಿಹನಿಯಾಗಿ ನೀರು ಚಿಮುಕಿಸಿ, ನೆನೆಸಬೇಡಿ.

ಪ್ರಶ್ನೆ: ತೂಕ ಇದೆ ಸರ್, ತೂತು ಇಲ್ಲ. ಹೊರಗೆ ಬಂದರೆ ಜೇನು ಕೊಡಲಾ, ಹಣ್ಣಿನ ರಸ ಕೊಡಲಾ?

ಉತ್ತರ: ಏನೂ ಬೇಡ. ಅದಕ್ಕೆ ತಿನ್ನುವ ಬಾಯಿಯೇ ಬೆಳೆದಿರುವುದಿಲ್ಲ. ಹುಳವಾಗಿದ್ದಾಗ ತಿಂದ ಕೊಬ್ಬಿನಲ್ಲೇ ಒಂದೆರಡು ವಾರ ಬದುಕುತ್ತದೆ. ಮೀಸೆ ನೋಡಿ: ಅಗಲವಾಗಿ ಗರಿಯಂತಿದ್ದರೆ ಗಂಡು, ಕಿರಿದಾಗಿದ್ದರೆ ಹೆಣ್ಣು. ಗಂಡಾದರೆ ರೆಕ್ಕೆ ಗಟ್ಟಿಯಾದ ಮೇಲೆ ರಾತ್ರಿ ಬಿಟ್ಟುಬಿಡಿ, ದೂರದ ಹೆಣ್ಣಿನ ವಾಸನೆಯನ್ನೂ ಹಿಡಿದು ಹೋಗುತ್ತದೆ. ಹೆಣ್ಣಾದರೆ ಗೂಡು ಸಿಕ್ಕಿದ ಗಿಡದ ಹತ್ತಿರವೇ ಬಿಡಿ. ಅಲ್ಲಿ ಗಂಡು ಬರುವ ಸಾಧ್ಯತೆ ಜಾಸ್ತಿ, ಮರಿಗಳಿಗೆ ಎಲೆಯೂ ಸಿಗುತ್ತದೆ.