ಚರ್ಚ್‌ಗೆ ಜೀನ್ಸ್ ಹಾಕ್ಕೊಂಡು ಹೋದ್ರೆ ತಪ್ಪಾ? ಸಹಾಯ ಬೇಕು

ಎಲ್ರಿಗೂ ವಂದನೆ. ಹೋದ ಭಾನುವಾರ ನೈಟ್ ಶಿಫ್ಟ್ ಮುಗಿಸಿ ನೇರ ಆರಾಧನೆಗೆ ಹೋಗ್ಬಿಟ್ಟೆ, ಮೈಮೇಲಿದ್ದದ್ದು ಮಂಡಿ ಹತ್ರ ಬಣ್ಣ ಹೋಗಿರೋ ಜೀನ್ಸು, ಬೆನ್ನ ಮೇಲೆ ದಪ್ಪಕ್ಷರದಲ್ಲಿ ಏನೋ ಜೋಕ್ ಬರ್ದಿರೋ ಟೀಶರ್ಟು. ಪ್ರಾರ್ಥನೆಗೆ ಮೊಣಕಾಲೂರಿದಾಗ ಹಿಂದಿನ ಸಾಲಿನ ಆಂಟಿ ಕಣ್ಮುಚ್ಚೋದು ಬಿಟ್ಟು ಅದನ್ನೇ ಓದ್ತಿದ್ರಂತೆ, ಮುಗಿದ್ಮೇಲೆ "ಮದುವೆಗೂ ಹಿಂಗೇ ಹೋಗ್ತೀಯೇನಪ್ಪಾ?" ಅಂದ್ರು. ಬೇಜಾರಾಯ್ತು, ಆದ್ರೆ ಮಾತಲ್ಲಿ ನ್ಯಾಯ ಇದೆ ಬಿಡಿ.

ಬೈಬಲ್ ತೆಗೆದ್ರೆ ಇನ್ನೂ ಗೊಂದಲ. 1 ತಿಮೊಥೆಯ 2:9ರಲ್ಲಿ ಪೌಲ ಹೆಂಗಸರಿಗೆ ಮರ್ಯಾದೆಯಾಗಿ ಉಡಿ ಅಂತಾನೆ, ಆದ್ರೆ ಅಲ್ಲಿ ಬೇಡ ಅಂತಿರೋದು ಚಿನ್ನ, ಮುತ್ತು, ದುಬಾರಿ ಬಟ್ಟೆ, ಅಂದ್ರೆ ಆಡಂಬರ. ಯಾಕೋಬ 2ನೇ ಅಧ್ಯಾಯದಲ್ಲಿ ಥಳಕಿನ ಬಟ್ಟೆಯವನಿಗೆ ಒಳ್ಳೆ ಜಾಗ ಕೊಟ್ಟು ಕೊಳಕು ಬಟ್ಟೆ ಬಡವನನ್ನ ಕಾಲ ಹತ್ರ ಕೂರ್ಸೋದೇ ತಪ್ಪು ಅಂತಿದೆ. 1 ಸಮುವೇಲ 16:7 ಅಂತೂ ಗೊತ್ತೇ ಇದೆ, ದೇವರು ಹೃದಯ ನೋಡ್ತಾನೆ. ಪಾಸ್ಟರ್‌ನ ಕೇಳಿದ್ರೆ "ನೀನು ಬಂದ್ಯಲ್ಲ, ಸಾಕು" ಅಂತ ನಕ್ರು, ಅವ್ರು ಮಾತ್ರ ಕೋಟು ಟೈನಲ್ಲಿ!

ಶಾರ್ಟ್ಸ್, ಹರಿದ ಪ್ಯಾಂಟು ಬೇಡ ಅನ್ನೋದು ನಂಗೂ ಒಪ್ಪಿಗೆನೇ, ಆ ಟೀಶರ್ಟಂತೂ ಇನ್ಮೇಲೆ ಹಾಕಲ್ಲ. ಈ ಭಾನುವಾರ ಪ್ರಭು ಭೋಜನ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತಗೊಳ್ಳೋದು) ಬೇರೆ ಇದೆ, ಆವತ್ತೂ ಡ್ಯೂಟಿಯಿಂದಾನೇ ಬರೋದು. ಒಗೆದಿರೋ ಜೀನ್ಸು, ಪ್ಲೇನ್ ಶರ್ಟು ಹಾಕಿದ್ರೆ ಸಾಕಾ, ಇಲ್ಲಾ ರೋಮಾ 14ರಲ್ಲಿ ಹೇಳಿರೋ ಹಾಗೆ ಬೇರೆಯವ್ರಿಗೆ ಅಡ್ಡಿಯಾಗಬಾರ್ದು ಅಂತ ಫಾರ್ಮಲ್ಸೇ ಬ್ಯಾಗಲ್ಲಿ ಇಟ್ಕೊಂಡು ಹೋಗ್ಬೇಕಾ? ನೀವಾಗಿದ್ರೆ ಏನ್ ಮಾಡ್ತಿದ್ರಿ?